ಊತದ ಲೆಕ್ಕ

ಜೇನು ಹೊಡೆದ ಊತಕ್ಕೆ ಮೂರು ದಿನದ ಆಯುಸ್ಸು.
ಮೊದಲ ದಿನ ಉರಿ, ಎರಡನೇ ದಿನ ತುರಿಕೆ,
ಮೂರನೇ ದಿನ ಕನ್ನಡಿಯಲ್ಲಿ ನನ್ನ ಮುಖ ನನಗೆ ವಾಪಸು.
ನಲವತ್ತು ವರ್ಷದ ಲೆಕ್ಕ ಇದು, ತಪ್ಪಿದ್ದಿಲ್ಲ.

ಎಡಗಣ್ಣ ರೆಪ್ಪೆಯ ಈ ಊತ
ಹೂಮಳೆಗೆ ಮೊದಲು ಬಂದದ್ದು.
ಕಾಫಿಯ ಹೂವು ಉದುರಿ ಕಾಯಿ ಕಚ್ಚಿದೆ, ಇದು ಇಳಿದಿಲ್ಲ.

ಚೆಟ್ಟಿಮಾನಿಯಲ್ಲಿ ಯಾರೂ ಏನಾಯ್ತೆಂದು ಕೇಳಲಿಲ್ಲ.
ಜೇನು ಸಾಕುವವನ ಕಣ್ಣು ಊದಿದರೆ ಕೇಳುವುದೇನು?
ಅಂಗಡಿಯ ಉಸ್ಮಾನ್ ಸುಣ್ಣದ ಡಬ್ಬಿ ಮುಂದೆ ತಳ್ಳಿದ.
'ರಾಣಿಯೇ ಮುತ್ತಿಟ್ಟಳಾ ಬೆಳ್ಯಪ್ಪಣ್ಣ?' ಬಸ್ಸಿನ ಕಂಡಕ್ಟರ್ ನಕ್ಕ.
ನಾನೂ ನಕ್ಕೆ, ಅರ್ಧ ಮುಖದಲ್ಲಿ.

ಮುಳ್ಳು ಇರಲಿಲ್ಲ.
ಹೊನ್ನಮ್ಮ ಸೂಜಿ ಹಿಡಿದು ಹುಡುಕಿದಳು, ಮೊಮ್ಮಗಳು ಟಾರ್ಚು ಹಿಡಿದಳು.
ಆಮೇಲೆ ತೊಡೆಯಲ್ಲೊಂದು ಗಂಟು, ತೋಳಲ್ಲೆರಡು,
ಚರ್ಮದಡಿ ಯಾರೋ ಗೋಲಿ ಬಚ್ಚಿಟ್ಟ ಹಾಗೆ.
ಸಂಜೆಗೆ ಜ್ವರ. ಬೆಳಗಾಗುವಾಗ ತಲೆದಿಂಬು ಒದ್ದೆ.
ಬೆಲ್ಟಿಗೆ ಮೊಳೆ ಬಡಿದು ಹೊಸ ತೂತು ಮಾಡಿಕೊಂಡೆ.

ಮಡಿಕೇರಿಯಲ್ಲಿ ಕಣ್ಣಿನವರು ಅಲರ್ಜಿ ಎಂದರು.
ಚರ್ಮದವರು ಕೊಬ್ಬಿನ ಉರಿಯೂತ ಎಂದರು.
ಮತ್ತೊಬ್ಬರು ಲೂಪಸ್ ಎಂದು ಬರೆದು
ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿದರು.
ಅಲ್ಲಿಯವರೆಗೆ ಬರೆದದ್ದರಲ್ಲಿ
ನನಗೆ ನಂಬಿಕೆ ಬಂದದ್ದು ಆ ಚಿಹ್ನೆಯ ಮೇಲೆ.

ಮೊದಲ ಬಯಾಪ್ಸಿಯಲ್ಲಿ ಬರೀ ತೊಗಲು.
ಎರಡನೆಯದರಲ್ಲಿ 'ಖಚಿತವಾಗಿ ಹೇಳಲಾಗದು'.
'ಇನ್ನೂ ಆಳದಿಂದ ತೆಗೀಬೇಕು' ಅಂದರು ಮೂರನೇ ಸಲ.
ಹೊಸಬರಿಗೆ ನಾನು ಹೇಳುವುದೂ ಅದನ್ನೇ:
ಮುಚ್ಚಳ ಎತ್ತಿದರೆ ಎಲ್ಲ ಪೆಟ್ಟಿಗೆಯೂ ಚೆನ್ನಾಗೇ ಕಾಣುತ್ತದೆ,
ತಳದ ಎರಿ ತೆಗೆದು ಬೆಳಕಿಗೆ ಹಿಡಿ.

ಸ್ಲೈಡು ನೋಡುವ ಡಾಕ್ಟರ್ ಸುಹರಾ
ಮನುಷ್ಯರನ್ನು ನೋಡಿ ಅಭ್ಯಾಸವಿಲ್ಲದವರು.
ಕೆಲಸ ಏನೆಂದು ಕೇಳಿದರು. ಜೇನು ಎಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ಕುರ್ಚಿ ಬಿಟ್ಟುಕೊಟ್ಟರು.
'ಹಾಗಾದ್ರೆ ನೀವೇ ನೋಡಿ.'

ತೆರೆದಿದ್ದ ಬಲಗಣ್ಣು ಒತ್ತಿದೆ.
ಗುಲಾಬಿ ಬೆಳಕಲ್ಲಿ ಬಿಳೀ ಕೋಣೆಗಳು,
ಗೋಡೆಗೆ ಗೋಡೆ ತಾಗಿಕೊಂಡು.
ಎರಿ!
ನನ್ನ ತೊಡೆಯ ಕೊಬ್ಬಿನೊಳಗೆ ಎರಿ.
ಒಂದೊಂದು ಕೋಣೆಯ ಅಂಚಿಗೂ ಕಪ್ಪು ಚುಕ್ಕಿಗಳು
ಮೈಗೆ ಮೈ ಒತ್ತಿ ಸುತ್ತ ಕೂತಿವೆ.

'ಕಾವಲಿನವು ಇವು, ಟಿ-ಕೋಶ. ನಿಮ್ಮವೇ.
ಹೊರಗಿಂದ ಯಾರೂ ಬಂದಿಲ್ಲ.
ಮಂಗಳೂರಿಗೆ ಕಳಿಸಿ ನೋಡಿಸಿದೆವು,
ಎಲ್ಲವೂ ಒಂದೇ ತಾಯಿಯ ಮಕ್ಕಳು.'
ನನ್ನ ಪೆಟ್ಟಿಗೆಯಲ್ಲಿ ಎಲ್ಲವೂ ಹಾಗೇ, ಅದು ತಪ್ಪಾ? ಎಂದೆ.
'ಇಲ್ಲಿ ಅದೇ ತಪ್ಪು' ಎಂದರು ಸುಹರಾ.

ರಾಣಿ ಇಲ್ಲವಾದ ಪೆಟ್ಟಿಗೆ ನೆನಪಾಯಿತು.
ಬಾಗಿಲಲ್ಲಿ ಅದೇ ಓಡಾಟ, ಅದೇ ಸದ್ದು.
ಒಳಗೆ ಕೆಲಸದ ಹುಳಗಳೇ ಮೊಟ್ಟೆಯಿಡುತ್ತಿರುತ್ತವೆ,
ಒಂದೊಂದು ಕೋಣೆಗೆ ಮೂರು, ನಾಲ್ಕು.
ದ್ರೋಹ ಅಂತಲ್ಲ.
ಸಾಕು ಎನ್ನಬೇಕಾದವರು ಎನ್ನಲಿಲ್ಲ, ಅಷ್ಟೆ.

ಚೀಟಿಯಲ್ಲಿ ಎರಡು ಸಾಲಿನ ಹೆಸರು, ಕೊನೆಗೆ ಲಿಂಫೋಮಾ.
'ಕ್ಯಾನ್ಸರಾ?' ಹೊನ್ನಮ್ಮ ಕೇಳಿದಳು, ಸೆರಗಿಗಲ್ಲ, ನೇರ ಮುಖಕ್ಕೆ.
'ಹೌದಮ್ಮ. ಆದರೆ ಈ ಜಾತಿ ಸಾಮಾನ್ಯವಾಗಿ ನಿಧಾನದ್ದು.'
ಜಾತಿ ತಿಳಿದರೆ ಅರ್ಧ ಕೆಲಸ ಮುಗಿಯಿತು.
ತುಡುವೆಗೆ ಬರಿಗೈ ಸಾಕು.
ಹೆಜ್ಜೇನಾದರೆ ಓಡುವ ದಾರಿ ಮೊದಲೇ ನೋಡಿಟ್ಟಿರಬೇಕು.
ಹನ್ನೊಂದು ವಾರ ನಾನು
ಯಾವ ಹುಳ ಎಂದು ತಿಳಿಯದೆ ಕೈ ಹಾಕಿ ನಿಂತಿದ್ದೆ.

ಮಾತ್ರೆ ಶುರುವಾಗಿ ಒಂದು ತಿಂಗಳು.
ರೆಪ್ಪೆ ಕಿಟಕಿಯಷ್ಟು ತೆರೆದಿದೆ, ಬಾಗಿಲಷ್ಟಲ್ಲ.
ಪೆಟ್ಟಿಗೆ ಹತ್ತಿರ ಹೋಗಬೇಡಿ ಎಂದಿದ್ದಾರೆ.
ಹೊಗೆ ಹಾಕುವುದು ಮೊಮ್ಮಗಳು,
ನಾನು ಹಲಸಿನ ಬುಡದಲ್ಲಿ ಕೂತು ಕೂಗಿ ಹೇಳುತ್ತೇನೆ: ತಳದ್ದು ತೆಗಿ, ತಳದ್ದು.

ನಿನ್ನೆ ಒಂದು ತುಡುವೆ ಅಲ್ಲಿಗೇ ಬಂದು
ಮಣಿಕಟ್ಟಿಗೆ ಹೊಡೆಯಿತು. ಮನೆಯಲ್ಲಿ ಹೇಳಿಲ್ಲ.
ಉಗುರಿಂದ ಮುಳ್ಳು ಕೆರೆದು ತೆಗೆದು
ಬಹಳ ಹೊತ್ತು ನೋಡಿದೆ ಅದನ್ನು.

ಇವತ್ತು ಎರಡನೇ ದಿನ.
ತುರಿಸುತ್ತಿದೆ.