ಮೋರೇರ ಅಂಗಡಿ

ನಲವತ್ತೆರಡು ವರ್ಷ ಕುಣಿಮಗ್ಗದಾಗ ಕಾಲಿಟ್ಟು ಕೂತವ ನಾನು.
ಸೊಂಟದ ಕೆಳಗಿನ ಲೋಕ ಅಂದ್ರ
ಎರಡು ತುಳಿಹಲಗಿ, ಒಂದೀಟು ಕತ್ತಲಿ,
ಮಳಿಗಾಲದಾಗ ಒಂದು ಕಪ್ಪಿ.
ಈಗ ಅಮೀನಗಡದ ಡಾಕ್ಟರು ಚೀಟಿಮ್ಯಾಲ ಬರದಾರ:
ದಿನಾ ಮುಂಜಾನಿ ನಡೀಬೇಕು.
ಎಲ್ಲಿಗೆ ಅಂತ ಬರದಿಲ್ಲ.

ಊರಾಗ ನಡದ್ರ ಯಾರರ ಒಬ್ಬರು ಚಾಕ್ಕ ಕರೀತಾರ,
ಚಾದಾಗ ಸಕ್ರಿ ಹಾಕ್ತಾರ.
ಗುಡ್ಡ ಚಾ ಕೊಡೂದಿಲ್ಲ.
ಕವಳಿಕಂಟಿ ಧೋತರ ಹಿಡದು ಜಗ್ಗತೈತಿ, ಅಷ್ಟ,
ಹಳೇ ಬಾಕಿ ಕೇಳೂ ಸಾಹುಕಾರನ ಹಂಗ.

ಮೊದಲನೇ ವಾರ ಬರೇ ಕಲ್ಲು ಕಂಡ್ವು.
ಎರಡನೇ ವಾರ ಕಲ್ಲೊಂದು ಎದ್ದು ಓಡಿತು.
ಉಡ.
ಅದರ ಬೆನ್ನಿನ ಚುಕ್ಕಿ ಎಣಸಾಕ ಹೋದೆ;
ನನ್ನ ಕಣ್ಣಿಗೆ ರೂಢಿ, ಏನು ಕಂಡ್ರೂ ಎಳಿ ಎಣಸತಾವು.
ಕಾಲಾಗಿಂದ ಗೌಜಲಕ್ಕಿ ಭರ್ರ್ ಅಂತ ಎದ್ದಾಗ
ಎದಿ ಝಲ್ ಅಂತು, ಆದರೂ ನೋಡಿದೆ:
ಯಾವ ದಡಿಗೂ ನಾನು ತರಲಾರದ ಪಟ್ಟಿ
ಅದರ ಪಕ್ಕಿಮ್ಯಾಲ ಇತ್ತು.

ಗುಡ್ಡದ ನೆತ್ತಿಮ್ಯಾಲ ಮೂರು ಚಪ್ಪಡಿ ನಿಂತಾವು,
ನಾಕನೇದು ಅವುಗಳ ತಲಿಮ್ಯಾಲ ಮಲಗೇತಿ.
ಮುಂದ ಬಾಗಲಿಲ್ಲ.
ಅಂಥಾವು ಹದಿನೆಂಟು ಎಣಿಸೀನಿ, ಬಿದ್ದವನ್ನ ಬಿಟ್ಟು.
ಕುರಿ ಕಾಯೂ ಮಾಳವ್ವ ಹೇಳಿದಳು,
'ಮೋರೇರ ಅಂಗಡಿ ಅವು. ಮೂರು ಮೊಳದ ಮಂದಿ.
ಬೆಂಕಿಮಳಿ ಬಂತಂತ, ಹೋದ್ರಂತ.'
'ಏನು ಮಾರತಿದ್ರು?'
'ನನಗೇನು ಗೊತ್ತೋ ಯಣ್ಣಾ, ನಾ ಅವರ ಸಂತಿಗೆ ಬಂದಿದ್ನೇನು?'
ಅಂದು, ದಾರಿಬಿಟ್ಟ ಹೋತಿಗೆ ಕಲ್ಲು ಬೀಸಿದಳು.

ಹುನಗುಂದದ ಕಾಲೇಜಿನ ಹುಡುಗ ಒಬ್ಬ
ಟೇಪು ಹಿಡಕೊಂಡು ಬಂದಿದ್ದ ಒಮ್ಮೆ.
'ಸಮಾಧಿ ರೀ ಅಜ್ಜಾರ, ಕಬ್ಬಿಣ ಆಗಷ್ಟ ಬಂದಿತ್ತು.'
ಹೂಂ ಅಂದೆ. ಟೇಪಿನ ಆ ತುದಿ ಹಿಡದೂ ಕೊಟ್ಟೆ.
ಮೂರು ಮೊಳಕ್ಕಿಂತ ಸ್ವಲ್ಪ ಜಾಸ್ತಿ ಬಂತು.
ಆದರೂ ಅಂಗಡಿ ಅನ್ನೂ ಮಾತು ತಲಿಯಿಂದ ಹೋಗವಲ್ದು.

ದಿನಾ ಹೋಗಿ ಬಗ್ಗಿ ನೋಡತೀನಿ, ಇವತ್ತೇನು ಮಾಲು ಬಂದೈತಿ ಅಂತ.
ಒಂದಿನ ಹಾವಿನ ಪೊರಿ, ಅಖಂಡ, ಕಣ್ಣಿನ ಗಾಜು ಸೈತ.
ಒಂದಿನ ಮುಳ್ಳಹಂದಿ ಮುಳ್ಳು;
ಅದು ಈಗ ಮಗಳ ಮಗ್ಗದಾಗ ಐತಿ,
ಸೆರಗಿನ ಹಾಸಿಗೆ ಕೊಂಡಿ ಹಾಕೂವಾಗ ಎಳಿ ಎತ್ತತೈತಿ.
ಒಂದಿನ ಏನೂ ಇಲ್ಲ, ಬರೇ ನೆರಳು.
ಅದನ್ನ ಅರ್ಧ ತಾಸು ತಗೊಂಡೆ.

ಮತ್ತ ನಿನ್ನೆ
ಬೂದಿಬಣ್ಣದ ಉಂಡಿ, ಹೆಬ್ಬೆರಳಿನಷ್ಟು.
ಬಿಡಿಸಿದ್ರ ಒಳಗ ಇಲಿಗೂದಲ, ಸೂಜಿಯಂಥಾ ಎಲುಬು,
ಒಂದು ಪುಟ್ಟ ದವಡಿ, ಕಿತ್ತಳಿ ಬಣ್ಣದ ಹಲ್ಲು.
ತಲಿ ಎತ್ತಿದೆ.
ಚಪ್ಪಡಿ ಸಂದಿನಾಗ ಅಂಗಡಿಕಾರ ಕೂತಿದ್ದ,
ಕೊಂಬಿನ ಗೂಗಿ.
ಎರಡು ಕಣ್ಣಿಲೆ ನನ್ನ ತೂಗಿತು.
ಒಂದನ್ನ ಮುಚ್ಚಿತು. ಇನ್ನೊಂದನ್ನ ಮುಚ್ಚಿದ್ದು
ಗಿರಾಕಿ ಅಲ್ಲ ಇವ ಅಂತ ಖಾತ್ರಿ ಆದಮ್ಯಾಲ.

ಅದರ ಎದಿ ನೋಡಿದೆ, ದೇವರಾಣಿ,
ತೆನಿ! ನಮ್ಮ ಸೆರಗಿನ ಜೋಳದ ತೆನಿ,
ಉದ್ದುದ್ದ, ಕರೀವು, ಒಂದರ ಕೆಳಗೊಂದು,
ಎಲ್ಲೂ ಎಳಿ ತಪ್ಪಿಲ್ಲ.
ನನಗ ಅದನ್ನ ಅಪ್ಪ ಕಲಿಸಿದ್ದ, ಅಪ್ಪಗ ಅವರಪ್ಪ, ಅವಗ ಅವರಪ್ಪ,
ಅದರಾಚೆ ಯಾರು ಅಂತ ಮನ್ಯಾಗ ಯಾರಿಗೂ ಹೆಸರು ಗೊತ್ತಿಲ್ಲ.
ಯಾವನೋ ಒಬ್ಬ ಹಿಂಗ ಬಗ್ಗಿ ನೋಡಿರಬೇಕು,
ಬಯ್ಯಿಸಿಕೊಂಡಿರಬೇಕು ಅದರ ಕಣ್ಣಿಲೆ,
ಮನಿಗೆ ಹೋಗಿ ಲಾಳಿ ಹಿಡದಿರಬೇಕು.
ಎಷ್ಟು ಮೊಳ ಇದ್ದನೋ.

ಬಿಸಲು ಏರಿತು. ಇಳಿಯೂವಾಗ ಮೊಣಕಾಲು ಮಾತಾಡತಾವು,
ಸುಮ್ನಿರ್ರಿ ಅಂದೆ.
ಮನಿಗೆ ಬಂದ್ರ ಬನವ್ವ ಕಟ್ಟಿಮ್ಯಾಲ ಕಂಡಿಕಿ ಸುತ್ತತಿದ್ದಳು,
ತಲಿ ಎತ್ತಲಿಲ್ಲ.
'ಇಷ್ಟೊತ್ತು ಎಲ್ಲಿ?'
'ಅಂಗಡಿತನಕ.'
'ಮತ್ತ ಉಪ್ಪು?'