ಏಳನೇ ಬಿಲ್ಲೆ

ಖಾನಾಪುರದ ಕೆಂಪುಮಣ್ಣು ಹೇಳಿದ್ದು ಕೇಳುತ್ತದೆ.
ಈ ಬಿಳಿಯದು ಹಾಗಲ್ಲ,
ಬೆಣ್ಣೆಯ ಹಾಗೆ ನಕ್ಕು
ಗೋಡೆ ಏಳುವಷ್ಟರಲ್ಲಿ
ಸೊಂಟ ಬಿಟ್ಟು ಕೂರುತ್ತದೆ.

ಚೀನಿಮಣ್ಣು ಐವತ್ತು, ಫೆಲ್ಡ್‌ಸ್ಪಾರ್ ಇಪ್ಪತ್ತೈದು,
ಬೆಣಚುಪುಡಿ ಇಪ್ಪತ್ತು,
ಉಳಿದೈದು ಜಿಗಿಗೆಂದು ಬೆಂಟೊನೈಟ್.
ಶೇವಂತಾಬಾಯಿ ನಾಲಿಗೆಗೆ ಹಚ್ಚಿ ನೋಡಿದಳು:
‘ಉಪ್ಪಿಲ್ಲ, ಹುಳಿಯಿಲ್ಲ, ಇದೆಂಥಾ ಹಿಟ್ಟೋ ಯವ್ವಾ!
ಹಸೀ ಅರಿವ್ಯಾಗ ಸುತ್ತಿ
ಎರಡ ತಿಂಗಳ ಕೊಳೀಲಿ ಬಿಡು.’

ಕೊಳೆಯಿತು. ನಾತ ಬಂತು.
ಅವಳೇ ನಾದಿದಳು.

ಏಳು ಬಿಲ್ಲೆ ಸುಟ್ಟೆ.
ನಾಲ್ಕು ಸೊಟ್ಟ, ಎರಡು ಬಿರುಕು.
ಏಳನೆಯದನ್ನು ಬಿಸಿಲಿಗೆ ಹಿಡಿದರೆ
ಆಚೆಯ ನನ್ನ ಬೆರಳು ಕಾಣುತ್ತದೆ,
ನಡುವೆ ಒಂದು ಚುಕ್ಕೆ ಬಿಟ್ಟು —
ಶೇವಂತಾಬಾಯಿಯ ಉಗುರಿನ ಕೆಂಪು
ಬೆಂದು ಕರ್ರಗೆ ಕೂತದ್ದು.

ಜರಡಿ ತೊಳೆಯಬೇಕಿತ್ತು.
ವಹಿ ತೆಗೆದು ಬರೆದೆ:
ಏಳು. ಇದೇ ಇರಲಿ.