ಗೆಣ್ಣಿನ ಸದ್ದು

ಊಟಕ್ಕೆ ಕೂರುವ ಮೊದಲು ಅಪ್ಪ
ಮೇಜನ್ನು ಮೂರು ಸಲ ತಟ್ಟುತ್ತಾನೆ,
ಮಡಿಸಿದ ನಡುಬೆರಳ ಗೆಣ್ಣಿನಿಂದ.
ಟಕ್. ಟಕ್. ಕೊಂಚ ತಡೆದು, ಟಕ್.
ಅತ್ತೆಯರು ನಗುತ್ತಾರೆ. ಯಾವುದೋ ದೇಶದ ರಾಯಭಾರಿಯ ಹೆಂಡತಿ ನಗುತ್ತಾಳೆ.
ಅಜ್ಜಿ ನಗುವುದಿಲ್ಲ; ಮಡಿಸಿಟ್ಟ ಕರವಸ್ತ್ರವನ್ನು
ಇನ್ನೊಂದು ಸಲ ಮಡಿಸುತ್ತಾಳೆ.

ಪೋರ್ಟೊದಲ್ಲಿ ನಮ್ಮದು ಹಳೆಯ ಮನೆತನ.
ಎಷ್ಟು ಹಳೆಯದೆಂದರೆ
ನಮ್ಮ ಬೆಳ್ಳಿ ಚಮಚಗಳಿಗೂ ಮುತ್ತಜ್ಜಂದಿರಿದ್ದಾರೆ.
ನದಿಯಾಚೆ, ಗಾಯಾದ ನೆಲಮಾಳಿಗೆಯಲ್ಲಿ
ಒಂದೊಂದು ಹೆರಿಗೆಗೂ ಒಂದೊಂದು ಪೀಪಾಯಿ:
ಕೂಸು ಹುಟ್ಟಿದ ವರ್ಷದ ದ್ರಾಕ್ಷಾರಸ,
ಹಲಗೆಯ ಮೇಲೆ ಕಾದ ಕಬ್ಬಿಣದಲ್ಲಿ ಸುಟ್ಟ ಹೆಸರು.
ನನ್ನದೂ ಇದೆ, ಕಾಂಸ್ಟಾನ್ಸಾ,
ಬಾಗಿಲ ಪಕ್ಕ, ಮೂರನೆಯ ಸಾಲು,
ನನಗಿಂತ ನಿಧಾನವಾಗಿ ದೊಡ್ಡವಳಾಗುತ್ತ.
ಯಾರಾದರೂ ಸತ್ತರೆ ಹೆಸರಿನ ಕೆಳಗೆ
ಹೆಬ್ಬೆರಳಷ್ಟು ಶಿಲುಬೆ ಸುಡುತ್ತಾರೆ.
ಅಲ್ಲಿಗೆ ಲೆಕ್ಕ ಮುಗಿಯಿತು.

ಆಗಸ್ಟ್ ರಜೆ. ಹದಿನಾರು ವಯಸ್ಸು.
ಹೊರಗೆ ಬಿಸಿಲು, ಒಳಗೆ ಸಿಗ್ನಲ್ ಸಿಗದ ತಂಪು.
ಫೋನಿನ ಬೆಳಕು ಹಿಡಿದು ಸಾಲು ಸಾಲು ಓದುತ್ತ ಹೋದೆ,
ಅಪ್ಪನ ಹತ್ತಿರ ನಿಂತೆ.
ಬೆರ್ನಾರ್ದೊ, ೧೯೭೧.
ಬೆಳಕು ಓರೆಯಾದಾಗ ಕಂಡಿತು:
ಹೆಸರಿನ ಕೆಳಗೆ ಮರ ಒಂದಿಷ್ಟು ತಗ್ಗು.
ಯಾರೋ ಉಳಿಯಿಂದ ಹೆರೆದಿದ್ದಾರೆ,
ಹೆರೆದಷ್ಟೂ ಒಳಗಿಳಿದಿದೆ ಕಪ್ಪು.
ಬೆರಳಿಟ್ಟು ನೋಡಿದೆ.
ಉದ್ದಕ್ಕೊಂದು. ಅಡ್ಡಕ್ಕೊಂದು.

ನನ್ನ ಅಪ್ಪ ಆ ಹೊತ್ತಿಗೆ ಟೆನಿಸ್ ಆಡುತ್ತಿದ್ದ.

ಆಮೇಲೆ ನನಗೆ ನಿದ್ದೆ ಎಲ್ಲಿಯದು.
ಆಲ್ಬಮ್ಮಿನಲ್ಲಿ ಮೂರು ವರ್ಷದ ಬೆರ್ನಾರ್ದೊ, ಕುದುರೆಗೊಂಬೆ;
ಐದು ವರ್ಷದ ಬೆರ್ನಾರ್ದೊ, ನಾವಿಕನ ಟೋಪಿ, ಮುಖಕ್ಕೆ ನೆರಳು;
ನಡುವೆ ಅಂಟಿನ ಕಲೆಗಳ ನಾಲ್ಕು ಪುಟ.
ಕೇಳಿದರೆ ಅತ್ತೆಯರು:
ಕ್ರಾಂತಿಯ ಕಾಲ ಕಣೇ, ಊರೆಲ್ಲ ಗಲಭೆ,
ಅಮ್ಮ ಮಗುವನ್ನು ಕರಕೊಂಡು ನದಿಯ ಮೇಲ್ಗಡೆ
ತೋಟದ ಮನೆ ಸೇರಿದಳು. ಎರಡು ವರ್ಷ ನಾವೂ ನೋಡಲಿಲ್ಲ.
ವಾಪಸು ಬಂದಾಗ ಅವನು ಅದೆಷ್ಟು ಬದಲಾಗಿದ್ದ!
ಮುತ್ತಜ್ಜನ ಉಯಿಲು ಓದಿದ್ದೂ ಅದೇ ವರ್ಷ:
ಗಂಡು ಕುಡಿಯಿದ್ದ ಮನೆಗೇ ವ್ಯಾಪಾರ.

ತೋಟದ ಲೆಕ್ಕದ ಪುಸ್ತಕ, ಅಜ್ಜಿಯ ಚೂಪು ಅಕ್ಷರ.
೧೯೭೫, ಮೇ. ಗಂಧಕ, ಎರಡು ಮೂಟೆ.
ದೋಣಿ ಒಂದು, ಸುಡಿಸಿದ್ದು.
ಅದರ ಕೆಳಗೇ:
ಆದೆಲೀನೊಗೆ ಮನೆ. ಬಾಡಿಗೆ ಬೇಡ. ಸಾಯುವ ತನಕ.

ಪೀಪಾಯಿ ಕಟ್ಟುವ ಆದೆಲೀನೊಗೆ ಈಗ ಎಂಬತ್ತೆರಡು.
ಗಾಯಾದ ಓಣಿಯಲ್ಲಿ ಒಬ್ಬನೇ, ಒಂದು ಬೆಕ್ಕು.
ಮರದ ಮೇಲೆ ಸುಟ್ಟದ್ದನ್ನು ಅಳಿಸಬಹುದಾ ಎಂದೆ.
'ಉಳಿ ಚೂಪಾಗಿರಬೇಕು' ಅಂದ.
ಅಷ್ಟೇ. ಬಾಯಿಗೆ ಬೀಗ.
ಎದ್ದು ಹೋಗಿ, ಮೂಲೆಯ ಪೀಪಾಯಿಗೆ ಕಿವಿ ಹಚ್ಚಿ,
ಒಳಗೆ ರಸ ಎಲ್ಲಿಯವರೆಗಿದೆ ಎಂದು ಅರಿಯಲು
ಬೆರಳು ಮಡಿಸಿ ತಟ್ಟಿದ.
ಟಕ್. ಟಕ್.
ಕೊಂಚ ತಡೆದ.
ನಾನು ಮೂರನೆಯದಕ್ಕೆ ಕಾಯಲಿಲ್ಲ,
ಸೇತುವೆಯ ತನಕ ಓಡಿದೆ.

ಆ ರಾತ್ರಿ ಇಪ್ಪತ್ತು ಜನ. ಮೇಣದ ಬತ್ತಿ, ಬಿಷಪ್ಪರು.
ಅಪ್ಪ ಕೈ ಎತ್ತುವ ಮೊದಲೇ
ನಾನು ತಟ್ಟಿದೆ, ಮೂರು ಸಲ, ತಡೆದು, ಸರಿಯಾಗಿ.
ಎಲ್ಲರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ.
ಕರವಸ್ತ್ರದ ಮೇಲೆ ಅಜ್ಜಿಯ ಕೈ ನಿಂತಿತು.
'ಯಾರ ಹತ್ತಿರ ಕಲಿತೆ?'
'ಅಪ್ಪನ ಹತ್ತಿರ' ಅಂದೆ.
ಸುಳ್ಳಲ್ಲ. ಅವನೂ ಹಾಗೇ ಕಲಿತದ್ದು,
ಯಾರದೋ ತೊಡೆಯ ಮೇಲೆ ಕೂತು, ಮರದ ಹೊಟ್ಟಿನ ನಡುವೆ.

ಅಜ್ಜಿ ನನ್ನನ್ನೇ ನೋಡಿದಳು, ಬಹಳ ಹೊತ್ತು.
ಗೆದ್ದೆ ಅನ್ನಿಸಬೇಕಿತ್ತು.
ಸೂಪು ಬಂತು. ಚಮಚಗಳ ಸದ್ದು.
ಆ ಇನ್ನೊಬ್ಬ ಬೆರ್ನಾರ್ದೊ,
ಕುದುರೆಗೊಂಬೆಯವನು, ದೋಣಿಯವನು,
ಊಟಕ್ಕೆ ಮೊದಲು ಏನು ಮಾಡುತ್ತಿದ್ದ?
ಈ ಮೇಜಿನಲ್ಲಿ ಅದು ಗೊತ್ತಿರುವುದು ಒಬ್ಬಳಿಗೇ;
ಐವತ್ತು ವರ್ಷ ಅವಳನ್ನು
ಯಾರೂ ಕೇಳಿಲ್ಲ.